ಹೆಬ್ಬೆರಳು ಕೂರುವ ಜಾಗ

ಮರವೇ ಬೆಳೆಯದ ಒಂದು ಊರಿತ್ತು. ಉತ್ತರದ ತಣ್ಣನೆಯ ಕಡಲಿನಲ್ಲಿ, ಅಲ್ಯೂಟರೆಂಬ ದ್ವೀಪದ ಜನರ ಊರುಗಳಿರುವ ಕಡೆ, ಮಂಜಿನ ನಡುವೆ ಕೂತಿದ್ದ ಊರು. ಅಲ್ಲಿ ಹುಲ್ಲು ಬೆಳೆಯುತ್ತಿತ್ತು, ಗಾಳಿ ಬೀಸುತ್ತಿತ್ತು, ಊರ ಹಿಂದಿನ ಬೆಟ್ಟ ಸದಾ ಹೊಗೆಯಾಡುತ್ತಿತ್ತು. ಜನ ನೆಲ ತೋಡಿ ಮನೆ ಕಟ್ಟಿ ಮೇಲೆ ಹುಲ್ಲುಹೆಂಟೆ ಹೊದಿಸುತ್ತಿದ್ದರು. ಮಾಡಿನ ಕಿಂಡಿಯಿಂದ ಏಣಿ ಇಳಿದು ಒಳಗೆ ಹೋಗುತ್ತಿದ್ದರು. ಮರ ಬೇಕೆಂದರೆ ಕಡಲೇ ತೇಲಿಸಿ ತಂದುಕೊಡಬೇಕು. ಕಡಲು ಕೊಡುತ್ತಿತ್ತು, ಕಡಲು ಕಿತ್ತುಕೊಳ್ಳುತ್ತಿತ್ತು. ಅದಕ್ಕೆ ಯಾರಿಗೂ ಸಿಟ್ಟಿರಲಿಲ್ಲ. ಕಿತ್ತುಕೊಂಡ ಮೇಲೆ ಕಡಲು ಭಾಷಣ ಮಾಡುತ್ತಿರಲಿಲ್ಲ, ನಿಮ್ಮ ಒಳ್ಳೆಯದಕ್ಕೇ ಮಾಡಿದೆ ಅನ್ನುತ್ತಿರಲಿಲ್ಲ.

ಆ ಊರಿನಲ್ಲಿ ಒಂದು ನಿಯಮ ನಡೆಯುತ್ತಿತ್ತು. ಕಲ್ಲು ಊರು ಬಿಟ್ಟರೆ ಕೈ ಮರೆಯುತ್ತದೆ.

ಯಾರೋ ಕೂತು ಬರೆದ ನಿಯಮವಲ್ಲ ಅದು. ಮಳೆ ಬಂದರೆ ನೆಲ ನೆನೆಯುವ ಹಾಗೆ, ತಾನಾಗಿ ಆಗುತ್ತಿದ್ದದ್ದು. ಆ ಊರಿನ ಆಯುಧಗಳೆಲ್ಲ ಕಲ್ಲಿನವು, ಎಷ್ಟು ಹಳೆಯವೆಂದು ಬೆಟ್ಟವನ್ನೇ ಕೇಳಬೇಕು. ದೂರದ ದೊಡ್ಡ ಪಟ್ಟಣದಿಂದ ಹಡಗಿನಲ್ಲಿ ಪೆಟ್ಟಿಗೆಯವರು ಬಂದರು. ಪೆಟ್ಟಿಗೆಯೊಳಗೆ ಮೆತ್ತನೆಯ ಹತ್ತಿ. ಮೊದಲು ದೀಪದ ಕಲ್ಲನ್ನು ಹತ್ತಿಯಲ್ಲಿ ಮಲಗಿಸಿಕೊಂಡು ಹೋದರು. ಹಡಗು ಮೂಲೆಯ ಬಂಡೆ ದಾಟಿದ ಗಳಿಗೆಯಲ್ಲೇ, ದೀಪ ಹಚ್ಚುವ ಮುದುಕಿ ಸೀಲ್ ಎಂಬ ಕಡಲಪ್ರಾಣಿಯ ಎಣ್ಣೆಯ ಬಟ್ಟಲು ಹಿಡಿದುಕೊಂಡು, ಬತ್ತಿ ಎಲ್ಲಿಡುವುದೆಂದು ತಿಳಿಯದೆ ನಿಂತುಬಿಟ್ಟಳು. ಕಲ್ಲು ಹೋಯಿತು, ಕೈ ಮರೆಯಿತು. ಆಮೇಲೆ ತೊಗಲಿಗೆ ತೂತು ಹಾಕುವ ಕಲ್ಲು ಹೋಯಿತು. ಹೊಲಿಯುವವಳ ಕೈ ಮರೆಯಿತು. ಆಮೇಲೆ ಬಾಚಿಯ ಕಲ್ಲು ಹೋಯಿತು. ದೋಣಿ ಕಟ್ಟುವವನು ಅರ್ಧ ಕೆತ್ತಿದ ಮರದ ಮುಂದೆ ಕೂತು ತನ್ನ ಎರಡು ಕೈಗಳನ್ನು ತಿರುಗಿಸಿ ನೋಡಿಕೊಂಡ, ಬೇರೆ ಯಾರದೋ ಕೈಯನ್ನು ತನಗೆ ಅಂಟಿಸಿ ಹೋದ ಹಾಗೆ. ಅಂದಿನಿಂದ ಅವನು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೇ ಓಡಾಡಿದ. ಅರ್ಧ ದೋಣಿ ಅಲ್ಲೇ ಹುಲ್ಲಿನಲ್ಲಿ ಮಲಗಿತು.

ಪೆಟ್ಟಿಗೆಯವರು ಕದ್ದೆವು ಅನ್ನಲಿಲ್ಲ. ಕಾಪಾಡಿದೆವು ಅಂದರು. ಪಟ್ಟಣದ ಗಾಜಿನ ಮನೆಯಲ್ಲಿ ಕಲ್ಲುಗಳನ್ನು ಜೋಡಿಸಿಟ್ಟು, ಮುಟ್ಟಬಾರದು ಎಂದು ಬರೆದು ಹಾಕಿದರು. ಯಾರೂ ಮುಟ್ಟದ ಆಯುಧ ಆಯುಧವೇ ಅಲ್ಲ, ಹೆಣ. ಹೆಣಕ್ಕೆ ದೀಪ ಬಿಟ್ಟು, ಜನರನ್ನು ಸಾಲಾಗಿ ನಿಲ್ಲಿಸಿ ತೋರಿಸಿದರು.

ಇತ್ತ ಊರಿನವರು ಹೆದರಿದರು. ಹೆದರಿದವರು ಮಾಡುವುದನ್ನೇ ಮಾಡಿದರು: ಬಾಗಿಲು ಹಾಕಿಕೊಂಡರು. ಉಳಿದ ಏಳು ಕಲ್ಲುಗಳನ್ನು ಕಡಲ ದಂಡೆಯ ದಿಬ್ಬದಲ್ಲಿ, ಹಿಂದಿನವರ ಹಳೇ ಮನೆಯ ಕುಳಿಯಲ್ಲಿ ಬಚ್ಚಿಟ್ಟರು. ಊರ ಹಿರಿಯ ಹೊಸ ಕಟ್ಟಳೆ ಹಾಕಿದ: ಒಂದು ಕಲ್ಲಿಗೆ ಒಂದೇ ಕೈ. ಆ ಕೈ ಬಿಟ್ಟು ಇನ್ನೊಬ್ಬರು ಮುಟ್ಟಬಾರದು. ಆ ಕೈ ಕೆಲಸ ಮಾಡುವಾಗ ಉಳಿದವರು ಬೆನ್ನು ತಿರುಗಿಸಿ ನಿಲ್ಲಬೇಕು. ಸಾಯುವ ಗಳಿಗೆಯಲ್ಲಿ ಮಾತ್ರ ಒಂದು ಕೈ ಇನ್ನೊಂದು ಕೈಗೆ ಕಲ್ಲು ದಾಟಿಸಬೇಕು. ಆದರೆ ಸಾವು ಹೇಳಿ ಕೇಳಿ ಬರುವುದಿಲ್ಲವಲ್ಲ. ಒಬ್ಬ ದೋಣಿ ಮಗುಚಿ ಸತ್ತ, ಒಬ್ಬಳು ನಿದ್ದೆಯಲ್ಲಿ ಸತ್ತಳು. ಹೀಗೆ ಆರು ಕಲ್ಲುಗಳ ಕೈಗಳು ದಾಟಿಸದೆಯೇ ಹೋದವು. ಆರು ಕಲ್ಲು ಕುಳಿಯಲ್ಲಿ ಸುಮ್ಮನೆ ಕೂತವು.

ಏಳನೆಯದು ಅರೆಚಂದ್ರ ಕತ್ತಿ. ಅದರ ಕೈ, ಸೀಳುವವಳು.

ಸೀಳುವವಳಿಗೆ ತಲೆ ನರೆತಿತ್ತು. ಮಕ್ಕಳಿರಲಿಲ್ಲ. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡಾಡುವ ದೋಣಿಯವನೇ ಅವಳ ಅಣ್ಣ. ಕೆಂಪು ಮೀನು ಹೊಳೆ ಹತ್ತುವ ತಿಂಗಳಲ್ಲಿ ಅವಳು ದಿನಾ ಬೆಳಗ್ಗೆ ಕುಳಿಗೆ ಇಳಿಯುತ್ತಿದ್ದಳು. ಕತ್ತಿಯನ್ನು ಕಡಲ ನೀರಿನಲ್ಲಿ ಅದ್ದುತ್ತಿದ್ದಳು. ಅಂಗೈಯಲ್ಲಿ ಮೂರು ಸಲ ತಿರುಗಿಸುತ್ತಿದ್ದಳು. ಮೂರನೇ ಸಲಕ್ಕೆ ಕತ್ತಿ ಕೂರುತ್ತಿತ್ತು. ಹೆಬ್ಬೆರಳು ತನ್ನ ಜಾಗಕ್ಕೆ ತಾನೇ ಹೋಗಿ ಸೇರುತ್ತಿತ್ತು. ಊರವರು ಮೀನಿನ ಬುಟ್ಟಿ ತಂದಿಟ್ಟು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಅವಳು ಸೀಳುತ್ತಿದ್ದಳು. ಬಾಲ ಬಿಡದ ಹಾಗೆ, ಮುಳ್ಳು ಒಡೆಯದ ಹಾಗೆ, ಗಾಳಿ ಪೂರ್ತಿ ಒಳಗೆ ಹಾಯುವ ಹಾಗೆ. ಆ ಮಂಜಿನಲ್ಲಿ ಹಾಗೆ ಸೀಳಿದ ಮೀನು ಮಾತ್ರ ಒಣಗುತ್ತದೆ. ಒಂದು ಬೆರಳು ತಪ್ಪಿದರೂ ಹುಳ ಬೀಳುತ್ತದೆ. ಊರಿನ ಚಳಿಗಾಲವೆಲ್ಲ ಅವಳ ಒಂದು ಹೆಬ್ಬೆರಳಿನ ಮೇಲೆ ನಿಂತಿತ್ತು.

ಸಂಜೆ ಕತ್ತಿಯನ್ನು ಕುಳಿಗೆ ಮರಳಿಸಿ, ಕುಳಿಯಿಂದ ದಿಬ್ಬದ ಅಂಚಿನವರೆಗೆ ಹೆಜ್ಜೆ ಹಾಕುತ್ತಿದ್ದಳು. ಯಾಕೆಂದರೆ ಕಡಲು ದಿಬ್ಬವನ್ನು ತಿನ್ನುತ್ತಿತ್ತು. ಅವಳು ಮದುವಣಗಿತ್ತಿಯಾಗಿದ್ದಾಗ ನಲವತ್ತು ಹೆಜ್ಜೆ. ಆಮೇಲೆ ಇಪ್ಪತ್ತು. ಈ ವರ್ಷ ಐದು.

"ಐದೇ ಹೆಜ್ಜೆ ತಾತ," ಎಂದಳು ಹಿರಿಯನಿಗೆ. "ಕಲ್ಲುಗಳನ್ನ ಮೇಲಕ್ಕೆ ತರೋಣ."

"ಕುಳಿ ಬಿಟ್ಟರೆ ಊರು ಬಿಟ್ಟ ಹಾಗೆ," ಎಂದ ಹಿರಿಯ. "ನಿನ್ನ ಕೈ ಮರೆತರೆ ಚಳಿಗಾಲಕ್ಕೆ ನಾವೇನು ಹೊಗೆ ತಿನ್ನೋದಾ?"

"ಕಡಲು ತಗೊಂಡು ಹೋದರೂ ಮರೆಯುತ್ತಲ್ಲ?"

ಅಧಿಕಾರದಲ್ಲಿರುವವರು ಉತ್ತರ ಗೊತ್ತಿಲ್ಲದಾಗ ಕೆಮ್ಮುತ್ತಾರೆ. ಹಿರಿಯನೂ ಕೆಮ್ಮಿದ.

ಹೀಗಿರುವಾಗ ಬೆಳಕು ಹಿಡಿಯುವವಳು ಬಂದಳು.

ಹಡಗಿನಿಂದ ಒಬ್ಬಳೇ ಇಳಿದಳು. ಚಿಕ್ಕ ಪ್ರಾಯದವಳು. ಕೈಯಲ್ಲಿ ಒಂದು ಪೆಟ್ಟಿಗೆ. ಪೆಟ್ಟಿಗೆ ಕಂಡಿದ್ದೇ ತಡ, ಊರಿಗೆ ಊರೇ ದಂಡೆಯಲ್ಲಿ ಗೋಡೆಯ ಹಾಗೆ ನಿಂತಿತು. ಗೋಡೆಯ ಮುಂದೆ ಸೀಳುವವಳು.

"ಏನು ತಗೊಂಡು ಹೋಗೋಕೆ ಬಂದೆ?"

"ಏನೂ ಇಲ್ಲ ಅಕ್ಕ. ಕಲ್ಲಿನ ಮೇಲೆ ಬೆಳಕು ಹಾಯಿಸ್ತೀನಿ. ಅದರ ಮೈಯಲ್ಲಿರೋ ಒಂದೊಂದು ಗೀರೂ ಕಂಪ್ಯೂಟರಿನ ಪರದೆಯೊಳಗೆ ಮೂಡುತ್ತೆ. ಕಲ್ಲು ಕಳೆದುಹೋದರೂ ಅದರ ಮೈ ಉಳಿಯುತ್ತೆ. ಕಲ್ಲು ನಿಮ್ಮ ಹತ್ರಾನೇ ಇರುತ್ತೆ."

"ಹಿಂದೆ ಬಂದವರೂ ಹೀಗೇ ಹಲ್ಲು ಬಿಟ್ಕೊಂಡು ಮಾತಾಡಿದ್ರು."

"ನಾನು ನಗ್ತಿಲ್ಲ ಅಕ್ಕ. ಚಳಿಗೆ ಹಲ್ಲು ಕಟಕಟ ಅಂತಿದೆ."

ಗೋಡೆಯಲ್ಲಿ ಯಾರೋ ಕಿಸಕ್ಕೆಂದರು. ಅಣ್ಣ ಮುಂದೆ ಬಂದು, ಕಂಕುಳಿನಿಂದ ಕೈ ತೆಗೆಯದೆ, ಗದ್ದದಲ್ಲೇ ತೋರಿಸಿ ಪೆಟ್ಟಿಗೆ ತೆಗೆಸಿದ. ಒಳಗೆ ಬರೀ ತಂತಿ, ಗಾಜು, ಅಂಗೈಯಗಲದ ತಿರುಗುವ ತಟ್ಟೆ.

"ಹತ್ತಿ ಇಲ್ಲ," ಎಂದ. "ಹತ್ತಿ ಇಲ್ಲದ ಪೆಟ್ಟಿಗೆ ಅಷ್ಟು ಕೆಟ್ಟದ್ದಾಗಿರಲಿಕ್ಕಿಲ್ಲ ತಂಗೀ."

ಹಿರಿಯ ಕೋಲು ಕುಟ್ಟಿದ. "ಕಲ್ಲಿನ ಮೈ ಪರದೆಯೊಳಗೆ ಹೋದರೆ ಕಲ್ಲಿನಲ್ಲಿ ಉಳಿಯೋದೇನು? ಮೈ ಹೋದರೆ ಕಲ್ಲು ಹೋದ ಹಾಗೇ. ಕೈ ಮರೆಯುತ್ತೆ."

ಸೀಳುವವಳು ದಿಬ್ಬದ ಕಡೆ ನೋಡಿದಳು. ಐದು ಹೆಜ್ಜೆ. ಅವಳು ಲೆಕ್ಕದಲ್ಲಿ ಜಾಣೆಯಲ್ಲ, ಆದರೆ ಐದಾದ ಮೇಲೆ ಏನು ಬರುತ್ತದೆಂದು ಅವಳಿಗೆ ಗೊತ್ತಿತ್ತು.

"ಮರೆತರೆ ನನ್ನ ಕೈ ಮರೀತದೆ," ಎಂದಳು. "ನಿಮ್ಮ ಕೋಲು ಮರೆಯೋದಿಲ್ಲವಲ್ಲ ತಾತ. ಸುಮ್ಮನಿರಿ."

ಮರುದಿನ ಬೆಳಗ್ಗೆ ಕುಳಿಯ ಬಾಯಲ್ಲಿ ಯಂತ್ರ ಹೂಡಿದರು. ಕಟ್ಟಳೆಯಂತೆ ಊರವರೆಲ್ಲ ಬೆನ್ನು ತಿರುಗಿಸಿ ನಿಂತರು. ಸೀಳುವವಳು ಕತ್ತಿಯನ್ನು ಕಡಲಲ್ಲಿ ಅದ್ದಿ, ಮೂರು ಸಲ ತಿರುಗಿಸಿ, ಹಿಡಿದು ಕೂತಳು. ಬೆಳಕು ಕತ್ತಿಯ ಮೇಲೆ ಹಾದುಹೋಯಿತು, ಬಂತು, ಹೋಯಿತು.

"ಅಕ್ಕಾ, ನಿಮ್ಮ ಹೆಬ್ಬೆರಳು ಅಡ್ಡ ಬರ್ತಿದೆ."

"ಅದು ಇರೋದೇ ಅಲ್ಲಿ."

"ಅದರಡಿಯ ಜಾಗಾನೇ ಕಾಣ್ತಿಲ್ಲ. ಒಂದು ಗಳಿಗೆ ತಟ್ಟೆ ಮೇಲೆ ಇಡ್ತೀರಾ?"

ಬೆನ್ನು ತಿರುಗಿಸಿದ್ದವರ ಬೆನ್ನುಗಳೆಲ್ಲ ಸೆಟೆದವು. ಕಲ್ಲು ಒಂದೋ ಕುಳಿಯಲ್ಲಿರಬೇಕು, ಇಲ್ಲ ತನ್ನ ಕೈಯಲ್ಲಿರಬೇಕು. ಬೇರೆಯವರ ತಟ್ಟೆಯ ಮೇಲಿಟ್ಟರೆ ಅದು ಊರು ಬಿಟ್ಟ ಹಾಗೆ. ಸೀಳುವವಳ ಹತ್ತಿರ ಇದ್ದದ್ದು ಅದೊಂದೇ. ಆ ಕೈ ಮರೆತರೆ ಅವಳು ಯಾರೂ ಅಲ್ಲ. ಊರಿಗೆ ಚಳಿಗಾಲವೂ ಇಲ್ಲ. ಅಲೆ ಬಂದು ದಿಬ್ಬದ ಕಾಲಿಗೆ ಬಡಿಯಿತು. ಮಣ್ಣಿನ ಒಂದು ಹೆಂಟೆ ದೊಪ್ಪನೆ ಬಿತ್ತು.

ಇಟ್ಟಳು.

ತಟ್ಟೆ ತಿರುಗಿತು. ಬೆಳಕು ಹಾದುಹೋಯಿತು. ಅವಳು ಖಾಲಿ ಕೈಯನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಉಸಿರು ಬಿಗಿಹಿಡಿದು ಕೂತಳು. ತಟ್ಟೆ ನಿಂತಿತು. ಕತ್ತಿಯನ್ನು ಕಿತ್ತುಕೊಂಡ ಹಾಗೆ ಎತ್ತಿಕೊಂಡು ಬುಟ್ಟಿಯಿಂದ ಒಂದು ಮೀನು ಎಳೆದಳು. ಬಾಲ ಬಿಡದ ಹಾಗೆ, ಮುಳ್ಳು ಒಡೆಯದ ಹಾಗೆ, ಮೀನು ಎರಡಾಗಿ ತೆರೆದುಕೊಂಡಿತು.

ಅವಳು ಉಸಿರು ಬಿಟ್ಟಳು. ಬೆನ್ನು ತಿರುಗಿಸಿದ್ದವರು ಆ ಉಸಿರು ಕೇಳಿ ತಾವೂ ಬಿಟ್ಟರು.

"ಅಕ್ಕಾ, ಇಲ್ಲಿ ನೋಡಿ," ಎಂದಳು ಬೆಳಕು ಹಿಡಿಯುವವಳು.

ಪರದೆಯ ಮೇಲೆ ಅರೆಚಂದ್ರ ಕತ್ತಿ ದೊಡ್ಡದಾಗಿ ಮೂಡಿತ್ತು. ಕಣ್ಣಿಗೆ ನುಣ್ಣಗೆ ಕಾಣುತ್ತಿದ್ದ ಕಲ್ಲಿನ ಬೆನ್ನಲ್ಲಿ ಈಗ ಹಳ್ಳ ದಿಣ್ಣೆಗಳಿದ್ದವು. ಸೀಳುವವಳು ತನ್ನ ಹೆಬ್ಬೆರಳನ್ನು ಪರದೆಗೆ ಹತ್ತಿರ ಒಯ್ದಳು. "ಇದು ನನ್ನ ಜಾಗ," ಎಂದಳು. ಆಮೇಲೆ ಇನ್ನೂ ಹತ್ತಿರ ಬಾಗಿದಳು. ಅದರ ಪಕ್ಕದಲ್ಲೇ ಇನ್ನೊಂದು ಹಳ್ಳ. ಅದು ಅಗಲ. ಅದರ ಕೆಳಗೆ ಮತ್ತೊಂದು, ಅದು ಎಳೆ ಹುಡುಗಿಯ ಬೆರಳಿನಷ್ಟು. ಆಚೆ ಬದಿಯಲ್ಲಿ ಇನ್ನೊಂದು, ಎಡಗೈಯವರು ಮಾತ್ರ ಹಿಡಿಯಲು ಸಾಧ್ಯವಿರುವ ಕಡೆ. ಎಣಿಸಿದಳು. ಒಂಬತ್ತು ಹೆಬ್ಬೆರಳುಗಳು. ಒಂದೊಂದೂ ಕಲ್ಲನ್ನು ಸವೆಸುವಷ್ಟು ಕಾಲ ಅಲ್ಲಿ ಕೂತಿದ್ದವು.

"ಒಂದರ ಮೇಲೊಂದು ಸವೆದಿವೆ ಅಕ್ಕ," ಎಂದಳು ಹುಡುಗಿ. "ಒಬ್ಬರ ಗೀರು ಇನ್ನೊಬ್ಬರ ಗೀರನ್ನ ದಾಟಿದೆ, ಆ ಗೀರನ್ನ ಮತ್ತೆ ಮೊದಲಿನವರದು ದಾಟಿದೆ. ಒಂದೇ ಕಾಲದಲ್ಲಿ ಎಲ್ಲರೂ ಹಿಡೀತಿದ್ರು. ಸರದಿ ಮೇಲೆ."

ಸೀಳುವವಳು ಎದ್ದು ನಿಂತಳು. ಹೊಟ್ಟೆಯಿಂದ ಕೂಗಿದಳು:

"ಎಲ್ಲರೂ ಈ ಕಡೆ ತಿರುಗಿ!"

ಯಾರೂ ತಿರುಗಲಿಲ್ಲ. ಅಷ್ಟು ವರ್ಷ ತಿರುಗದ ಬೆನ್ನುಗಳವು.

"ತಿರುಗ್ರೋ! ನಿಮ್ಮ ಅಜ್ಜೀರ ಬೆರಳು ಇಲ್ಲಿವೆ! ತಿರುಗಿ ನೋಡ್ರೋ!"

ಮೊದಲು ತಿರುಗಿದವನು ಅಣ್ಣ. ಆಮೇಲೆ ಹೊಲಿಯುವವಳು. ಆಮೇಲೆ ಎಲ್ಲರೂ. ಪರದೆಯ ಮುಂದೆ ಗುಂಪು ಕಟ್ಟಿದರು. ಹಿರಿಯ ಗುಂಪು ಸೀಳಿಕೊಂಡು ಬಂದು ನೋಡಿ, ಮುಖ ಕೆಂಪು ಮಾಡಿಕೊಂಡ.

"ಯಂತ್ರ ಸುಳ್ಳು ಹೇಳ್ತಿದೆ."

"ಸುಳ್ಳು ಹೇಳೋವಷ್ಟು ಬುದ್ಧಿ ಅದಕ್ಕಿಲ್ಲ ತಾತ," ಎಂದಳು ಬೆಳಕು ಹಿಡಿಯುವವಳು.

"ಒಂದು ಕಲ್ಲಿಗೆ ಒಂದೇ ಕೈ! ಅದು ಹಿಂದಿನವರ ಮಾತು!"

"ಹಿಂದಿನವರದಲ್ಲ, ನಿಮ್ಮದು," ಎಂದಳು ಸೀಳುವವಳು. "ಹಿಂದಿನವರ ಮಾತು ಈ ಕಲ್ಲಿನ ಮೇಲಿದೆ. ಪೆಟ್ಟಿಗೆಯವರು ಮುಟ್ಟಬಾರದು ಅಂತ ಬರೆದು ಹಾಕಿದ್ರು. ನಾವೂ ಮುಟ್ಟಬಾರದು ಅಂದ್ವಿ. ಅವರಿಗೂ ನಮಗೂ ಏನು ವ್ಯತ್ಯಾಸ ಆಯ್ತು ತಾತ? ಅವರು ಗಾಜಿನ ಮನೆ ಕಟ್ಟಿದ್ರು, ನಾವು ಮಣ್ಣಿನ ಗಾಜಿನ ಮನೆ ಕಟ್ಟಿದ್ವಿ. ಕಲ್ಲು ಹೋಗಿದ್ದಕ್ಕೆ ಕೈ ಮರೀಲಿಲ್ಲ. ಒಂದೇ ಕೈಗೆ ಗೊತ್ತಿತ್ತು, ಅದಕ್ಕೇ ಮರೀತು. ಮೊದಲ ಕಲ್ಲು ಹೋಗೋ ಹೊತ್ತಿಗೇ ನಾವು ಒಬ್ಬೊಬ್ಬರೇ ಆಗಿಬಿಟ್ಟಿದ್ವಿ. ನಿಮ್ಮ ಕಟ್ಟಳೆ ಆಮೇಲೆ ಅದಕ್ಕೆ ಬೀಗ ಹಾಕ್ತು."

ಅಷ್ಟು ಹೇಳಿ ಅವಳು ಯಾರೂ ಊಹಿಸದ ಕೆಲಸ ಮಾಡಿದಳು. ಅರೆಚಂದ್ರ ಕತ್ತಿಯನ್ನು ಅಣ್ಣನ ಮುಂದೆ ಹಿಡಿದಳು.

"ಕೈ ತೆಗಿ ಅಣ್ಣಾ."

"ಬೇಡ ಕಣೇ. ನನ್ನ ಕೈ ಸತ್ತಿದೆ."

"ಸತ್ತ ಕೈಗೆ ಕಂಕುಳಲ್ಲಿ ಬೆಚ್ಚಗೆ ಯಾಕೆ ಜಾಗ ಕೊಟ್ಟಿದ್ದೀಯ? ತೆಗಿ."

ಅವನು ಬಲಗೈ ತೆಗೆದ. ಬೆಳಕು ಕಾಣದೆ ಬಿಳುಚಿದ ಕೈ. ಕತ್ತಿ ಹಿಡಿದು ಒಂದು ಸಲ ತಿರುಗಿಸಿದ, ಎರಡು ಸಲ, ಏಳು ಸಲ. ಎಂಟನೇ ಸಲಕ್ಕೆ ಅವನ ಹೆಬ್ಬೆರಳು ಆ ಅಗಲದ ಹಳ್ಳಕ್ಕೆ ಇಳಿಯಿತು. ಅವನ ಬಾಯಿ ತೆರೆದುಕೊಂಡಿತು. ಮೀನು ಕೊಟ್ಟರು. ಸೀಳಿದ. ಬಾಲ ಕಡಿದುಹೋಯಿತು, ಮುಳ್ಳು ಒಡೆಯಿತು, ಕರುಳು ಅವನ ಮೊಣಕೈವರೆಗೆ ಹರಿಯಿತು.

"ಈ ಮೀನು ಹೊಳೆ ಹತ್ತಿದ್ದು ಇದಕ್ಕಾ!" ಎಂದಳು ಹೊಲಿಯುವವಳು. "ಪಾಪ, ಕಡಲಲ್ಲೇ ಇದ್ದಿದ್ದರೆ ಮರ್ಯಾದೆಯಿಂದ ಸಾಯುತ್ತಿತ್ತು."

"ನಿನ್ನ ಸರದಿ ಬರಲಿ, ನೋಡೋಣ," ಎಂದ ಅಣ್ಣ. ಊರು ನಕ್ಕಿತು. ಆ ದಂಡೆಯಲ್ಲಿ ಅಷ್ಟು ಜನ ಒಟ್ಟಿಗೆ ನಕ್ಕು ಎಷ್ಟು ಕಾಲವಾಗಿತ್ತೋ, ಹಕ್ಕಿಗಳು ಬೆದರಿ ಹಾರಿದವು.

ಅಂದಿನಿಂದ ದಿನಾ ಕತ್ತಿ ಕೈಯಿಂದ ಕೈಗೆ ನಡೆಯಿತು. ಅದ್ದುವುದು, ತಿರುಗಿಸುವುದು, ಕೂರಿಸುವುದು, ಸೀಳುವುದು. ಅದ್ದುವುದು, ತಿರುಗಿಸುವುದು, ಕೂರಿಸುವುದು, ಸೀಳುವುದು. ಮೊದಲ ವಾರ ಹಾಳಾದ ಮೀನೆಲ್ಲ ನರಿಗಳಿಗೆ ಹಬ್ಬವಾಯಿತು. ಸೀಳುವವಳು ಬೈದಳು, ಮೊಣಕೈ ಹಿಡಿದು ತಿದ್ದಿದಳು, ಮತ್ತೆ ಬೈದಳು. ಎರಡನೇ ವಾರಕ್ಕೆ ಒಣಹಾಕುವ ಗಳುಗಳ ಮೇಲೆ ಯಾರ ಮೀನು ಯಾರದೆಂದು ಅವಳಿಗೇ ಗುರುತು ಹತ್ತದಾಯಿತು. ದೀಪ ಹಚ್ಚುವ ಮುದುಕಿ ಎಡಚಿ ಎಂಬುದು ಊರಿಗೆ ಆಗಲೇ ಗೊತ್ತಾದದ್ದು. ಆಚೆ ಬದಿಯ ಹಳ್ಳ ಅವಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಹಿರಿಯನೊಬ್ಬ ಮಾತ್ರ ಬೆನ್ನು ತಿರುಗಿಸಿಯೇ ನಿಂತಿದ್ದ. ಅಣ್ಣ ಬೆಟ್ಟದ ಬುಡದಿಂದ ಪದರುಗಲ್ಲಿನ ಚಪ್ಪಡಿ ತಂದು, ಪರದೆ ನೋಡಿ ನೋಡಿ, ಮರಳು ನೀರು ಹಾಕಿ ಉಜ್ಜುತ್ತ ಕೂತ. ಅವನು ಮಾಡಿದ ಕತ್ತಿ ದಪ್ಪ, ಒಂದು ಕಡೆ ವಾಲಿತ್ತು.

"ಇದು ಕತ್ತಿಯೋ ಮುಚ್ಚಳವೋ?" ಎಂದಳು ಸೀಳುವವಳು.

"ಮೊದಲ ಸಲ ಕಣೇ. ಮುಂದಿನದು ಕತ್ತಿ ಆಗುತ್ತೆ."

ಉಳಿದ ಆರು ಕಲ್ಲುಗಳ ಮೇಲೂ ಬೆಳಕು ಹಾಯಿಸಿ ಮುಗಿದ ಮರುದಿನ, ಹಾಡುಹಗಲಿನಲ್ಲಿ, ಗಾಳಿ ಎದ್ದಿತು.

ಮುರಿದ ಮೋಡವೊಂದು ಕಡಲಿನ ಮೇಲೆ ಬಿದ್ದ ಹಾಗೆ ಅಲೆಗಳು ಬಂದವು. ಐದು ಹೆಜ್ಜೆ ನಾಲ್ಕಾಯಿತು, ಎರಡಾಯಿತು. ಬೆಳಗಿನ ಕೆಲಸ ಮುಗಿಸಿ ಕತ್ತಿಯನ್ನು ಕುಳಿಗೆ ಮರಳಿಸಿದ್ದರು; ಅದೊಂದು ಹಳೇ ಅಭ್ಯಾಸವನ್ನು ಬಿಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಸೀಳುವವಳು ಓಡಿದಳು. ಅಣ್ಣ ಅವಳ ಸೊಂಟಕ್ಕೆ ಕೈ ಹಾಕಿ ಹಿಂದಕ್ಕೆಳೆದ, ಎರಡೂ ಕೈ ಹಾಕಿ. ಅವರ ಕಣ್ಣೆದುರೇ ದಿಬ್ಬ ಮಂಡಿಯೂರಿತು, ಬಗ್ಗಿತು, ಕಡಲಿಗಿಳಿಯಿತು. ಕುಳಿ ಹೋಯಿತು. ಆರು ಕಲ್ಲು ಹೋದವು. ಅರೆಚಂದ್ರ ಕತ್ತಿ ಹೋಯಿತು.

ಗಾಳಿ ನಿಂತ ಮೇಲೆ ಊರೆಲ್ಲ ಬಂದು ದಂಡೆಯಲ್ಲಿ ನಿಂತಿತು. ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಳ್ಳುತ್ತಿದ್ದರು. ಕಲ್ಲು ಹೋಯಿತು. ಕೈ?

"ಮೀನು ತನ್ನಿ," ಎಂದಳು ಸೀಳುವವಳು. "ಆ ಮುಚ್ಚಳವನ್ನೂ ತಾ ಅಣ್ಣ."

ಅಣ್ಣ ಮಾಡಿದ ದಪ್ಪ ಕತ್ತಿಯನ್ನು ಕಡಲಿನಲ್ಲಿ ಅದ್ದಿದಳು. ತಿರುಗಿಸಿದಳು. ಅದರಲ್ಲಿ ಯಾರ ಹೆಬ್ಬೆರಳಿಗೂ ಜಾಗವಿರಲಿಲ್ಲ, ಹೊಸ ಕಲ್ಲು. ಒಂದು, ಎರಡು, ಮೂರು. ಕೂರಲಿಲ್ಲ. ಮತ್ತೆ ಅದ್ದಿದಳು. ನಾಲ್ಕು. ಕೂತಿತು. ಕಣ್ಣು ಮುಚ್ಚಿ ಎಳೆದಳು.

ಕಣ್ಣು ತೆರೆದಾಗ ಮೀನು ಅವಳ ಮುಂದೆ ಅಂಗೈಯ ಹಾಗೆ ಬಿಚ್ಚಿಕೊಂಡಿತ್ತು. ಬಾಲ ಬಿಟ್ಟಿರಲಿಲ್ಲ. ಮುಳ್ಳು ಒಡೆದಿರಲಿಲ್ಲ.

ಅವಳು ಕತ್ತಿಯನ್ನು ಹೊಲಿಯುವವಳಿಗೆ ಕೊಟ್ಟಳು. ಹೊಲಿಯುವವಳು ಸೀಳಿದಳು. ದೀಪದ ಮುದುಕಿ ಎಡಗೈಯಲ್ಲಿ ಸೀಳಿದಳು. ಅಣ್ಣ ಸೀಳಿದ. ಒಬ್ಬೊಬ್ಬರು ಸೀಳಿದಾಗಲೂ ಊರು ಉಸಿರು ಬಿಟ್ಟಿತು, ಭುಜದಿಂದ ಹೊರೆ ಇಳಿಸಿದವರ ಹಾಗೆ. ಕೊನೆಗೆ ಹಿರಿಯ ಕೋಲು ಬದಿಗಿಟ್ಟು ಬಂದ.

"ನನಗೂ ಕೊಡಿ," ಎಂದ.

"ಬೆನ್ನು ತಿರುಗಿಸಬೇಕಾ ತಾತ?" ಎಂದು ಕೇಳಿದಳು ಹೊಲಿಯುವವಳು.

"ತಿರುಗಿಸಬೇಡಿ ಮಾರಾಯ್ತಿ. ತಪ್ಪಿದರೆ ಹೇಳಿಕೊಡಿ."

ತಪ್ಪಿದ. ಹೇಳಿಕೊಟ್ಟರು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಸೀಳುವವಳಿಗೆ ಸಮಾಧಾನದ ಜೊತೆ ಸಿಟ್ಟೂ ಬಂದಿತ್ತು. ಹೆದರಿಕೆ ಹೋದ ಮೇಲೆ ಬರುವ ಸಿಟ್ಟು ಅದು, ಆರೋಗ್ಯದ ಸಿಟ್ಟು. ಬೆಳಕು ಹಿಡಿಯುವವಳು ಕಲ್ಲುಗಳ ಚಿತ್ರಗಳ ಒಂದು ಪ್ರತಿಯನ್ನು ಊರಿಗೇ ಕೊಟ್ಟು, ಪರದೆಯನ್ನೂ ಬಿಟ್ಟು, ಹಡಗು ಹತ್ತುವಾಗ ಅವಳ ಕೈಯಲ್ಲಿ ಗಾಜಿನ ಮನೆಯವರಿಗೆ ಒಂದು ಕಾಗದ ಕಳಿಸಿದಳು. ಹೇಳಿದವಳು ಸೀಳುವವಳು, ಬರೆದವಳು ಹುಡುಗಿ. ಅದರಲ್ಲಿ ಹೀಗಿತ್ತು:

"ಇಲ್ಲಿದ್ದರೆ ಕಲ್ಲು ಹಾಳಾಗುತ್ತದೆ, ಅದಕ್ಕೇ ಒಯ್ಯುತ್ತೇವೆ ಅಂದಿರಿ. ಈಗ ಕಲ್ಲಿನ ಮೈಯೆಲ್ಲ ಹಿಡಿದಿಡುವ ಯಂತ್ರ ಬಂದಿದೆ. ನಿಮಗೆ ನೋಡುವುದಷ್ಟೇ ಬೇಕಿತ್ತು ತಾನೆ? ಚಿತ್ರ ನೀವಿಟ್ಟುಕೊಂಡು ನೋಡಿ. ಕಲ್ಲು ನಮಗೆ ಕೊಡಿ. ನಮಗೆ ಹಿಡಿಯುವುದಕ್ಕೆ ಬೇಕು."

ಮೊದಲ ಹಡಗಿನಲ್ಲಿ ಉತ್ತರ ಬರಲಿಲ್ಲ. ಎರಡನೆಯದರಲ್ಲಿ, ಪರಿಶೀಲಿಸುತ್ತಿದ್ದೇವೆ ಎಂದು ಬಂತು. ಅವಳು ಅದೇ ಕಾಗದವನ್ನು ಮತ್ತೆ ಕಳಿಸಿದಳು. ಮತ್ತೆ ಕಳಿಸಿದಳು. ಊರಿನ ಒಬ್ಬೊಬ್ಬರೂ ಕೆಳಗೆ ಹೆಬ್ಬೆರಳು ಒತ್ತಿದರು. ಕೊನೆಗೆ ಕಾಗದಕ್ಕಿಂತ ಬೆರಳುಗಳೇ ಹೆಚ್ಚಾದವು.

ಮೂರು ಚಳಿಗಾಲ ಕಳೆದು, ಕೆಂಪು ಮೀನು ಮತ್ತೆ ಹೊಳೆ ಹತ್ತುವ ತಿಂಗಳಲ್ಲಿ, ಮೂಲೆಯ ಬಂಡೆ ದಾಟಿ ಹಡಗು ಒಳಗೆ ಬಂತು. ಬೆಳಕು ಹಿಡಿಯುವವಳು ಹಡಗಿನ ಅಟ್ಟದ ಮೇಲೆ ನಿಂತಿದ್ದಳು. ಅವಳ ಕಾಲ ಬಳಿ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಹತ್ತಿ, ಹತ್ತಿಯೊಳಗೆ ಬಾಚಿಯ ಕಲ್ಲು.

"ಇದೊಂದನ್ನ ಬಿಡಿಸಿಕೊಂಡು ಬರೋ ಹೊತ್ತಿಗೆ ಸಾಕುಬೇಕಾಯ್ತು ಅಕ್ಕ," ಎಂದು ಕೂಗಿದಳು. "ಉಳಿದವಕ್ಕೆ ಇನ್ನೂ ಜಗಳ ಆಡಬೇಕು!"

"ಆಡೋಣ!" ಎಂದು ಕೂಗಿದಳು ಸೀಳುವವಳು.

ಊರು ದಂಡೆಯಿಂದ ನೀರಿನವರೆಗೆ ಸಾಲು ನಿಂತಿತು. ಹತ್ತಿಯಿಂದ ಬಿಡಿಸಿದ ಕಲ್ಲು ಮೊದಲ ಕೈಗೆ ಬಂತು, ಎರಡನೇ ಕೈಗೆ ಬಂತು. ಪ್ರತಿ ಕೈಯೂ ಅದನ್ನು ಒಮ್ಮೆ ತಿರುಗಿಸಿ, ಬೆರಳಿನ ಜಾಗ ಹುಡುಕಿ, ಮುಂದೆ ಕೊಟ್ಟಿತು. ಹಿರಿಯನ ಕೈ ದಾಟಿತು. ಎಡಗೈ ಮುದುಕಿಯ ಕೈ ದಾಟಿತು. ಸೀಳುವವಳು ಅದನ್ನು ಅಣ್ಣನ ಅಂಗೈಯಲ್ಲಿಟ್ಟಳು.

ಅಣ್ಣ ತಿರುಗಿಸಿದ. ಒಂದು ಸಲ, ಎರಡು ಸಲ. ಮೂರನೇ ಸಲಕ್ಕೆ ಕೂತಿತು. ಅವನು ಹುಲ್ಲಿನಲ್ಲಿ ಮಲಗಿದ್ದ ಅರ್ಧ ದೋಣಿಯ ಕಡೆ ನೋಡಿದ. ಕಣ್ಣು ತುಂಬಿತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಎಷ್ಟು ತಣ್ಣಗೆ ಮಾಡಿಟ್ಟಿದಾರೆ ನೋಡೇ," ಎಂದ.

ಹೋಗಿ ಅರ್ಧ ಮರದ ಮೇಲೆ ಒಂದು ಏಟು ಹಾಕಿದ. ತೆಳ್ಳನೆಯ ಚಕ್ಕೆ ಎದ್ದು ಸುರುಳಿಯಾಗಿ ಹುಲ್ಲಿನ ಮೇಲೆ ಬಿತ್ತು. ಇನ್ನೊಂದು ಏಟು. ಇನ್ನೊಂದು ಚಕ್ಕೆ. ಮೂರನೆಯದಕ್ಕೆ ತೋಳೆತ್ತಿದವನು ಹಾಗೇ ನಿಂತು, ತಿರುಗಿ, ಪಕ್ಕದಲ್ಲಿ ನಿಂತಿದ್ದವರ ಕಡೆ ಬಾಚಿ ಚಾಚಿದ.

"ಬಿಸಿ ಆರೋದಕ್ಕೆ ಮುಂಚೆ ಹಿಡೀರಿ," ಎಂದ. "ಯಾರು ಬರ್ತೀರಿ?"